ಆರದ ಹಳದಿ ದೀಪ

ಉಪ್ಪುಖಾರ ಹಚ್ಚಿ ಹೇಳುವವನಲ್ಲ ನಾನು. ಹಳೆಯ ಮೆಮೊರಿ ಚಿಪ್‌ಗಳನ್ನು ಅಳಿಸಿ ಮತ್ತೆ ಬಳಕೆಗೆ ಕೊಡುವುದು ನಮ್ಮ ಕೆಲಸ. ಚಿಪ್ಪನ್ನು ಯಂತ್ರದ ಗೂಡಿನಲ್ಲಿ ಕೂರಿಸಿದರೆ ಹಳದಿ ದೀಪ ಮಿನುಗುತ್ತದೆ, ಅಳಿಸಿ ಮುಗಿದರೆ ಹಸಿರಾಗುತ್ತದೆ. ಹಳದಿ ಇರುವಾಗ ಮುಟ್ಟಕೂಡದು.

ಅಂದು ಮಧ್ಯಾಹ್ನ ನಾಲ್ಕು ಸೆಕೆಂಡಿನ ಕೆಲಸಕ್ಕೆ ಇಪ್ಪತ್ತು ನಿಮಿಷವಾದರೂ ದೀಪ ಹಸಿರಾಗಲಿಲ್ಲ. ಕೂತಲ್ಲಿ ಕೂರಲಾಗದೆ ಚಿಪ್ಪನ್ನು ಕಿತ್ತು ತಟ್ಟೆಗೆ ಹಾಕಿದೆ. ಗೂಡು ಖಾಲಿಯಾದರೂ ದೀಪ ಮಿನುಗುತ್ತಲೇ ಇತ್ತು. ಧೂಳಿರಬೇಕೆಂದು ಗೂಡಿನೊಳಗೆ ಹೆಬ್ಬೆರಳಿನಿಂದ ಒರೆಸಿದೆ. ಯಾರೋ ಆಗಷ್ಟೇ ಎದ್ದುಹೋದ ಕುರ್ಚಿಯಂತೆ ಗೂಡು ಬೆಚ್ಚಗಿತ್ತು.

"ಹಳದಿ ಇರೋವಾಗ ಕೈ ಹಾಕ್ಬೇಡ ಅಂತ ಎಷ್ಟು ಸಲ ಬಡ್ಕೊಳ್ಳಲಯ್ಯಾ?" ಎನ್ನುತ್ತಾ ಮೇಲ್ವಿಚಾರಕರಾಗಿದ್ದ ನನ್ನ ಭಾವ ಬಂದು ಪ್ಲಗ್ ಕಿತ್ತರು. ದೀಪ ಆರಲಿಲ್ಲ. ಭಾವ ಪ್ಲಗ್ಗನ್ನು ನೆಲಕ್ಕೆ ಬಿಟ್ಟು ಹೋದರು.

ಸಂಜೆ ಹಾಜರಿ ಯಂತ್ರ ನನ್ನ ಹೆಬ್ಬೆರಳನ್ನು ಒಪ್ಪಲಿಲ್ಲ.

"ಬೆವರಿರ್ಬೇಕು, ಒರೆಸ್ಕೊಂಡು ಇಡು" ಎಂದರು ಭಾವ.

ಒರೆಸಿ ನೋಡಿದರೆ ಬೆರಳಲ್ಲಿ ಒಂದೇ ಒಂದು ಗೆರೆಯೂ ಇರಲಿಲ್ಲ. ನೋವಿಲ್ಲ, ಗಾಯವಿಲ್ಲ, ಹೊಸ ಸೋಪಿನಂತೆ ನುಣುಪು. ಭಾವ ನನ್ನ ತೋರುಬೆರಳನ್ನು ಯಂತ್ರಕ್ಕೆ ದಾಖಲಿಸಿಕೊಟ್ಟರು.

ಇದಾಗಿ ಒಂಬತ್ತು ದಿನ. ಕಿತ್ತ ಪ್ಲಗ್ ಇನ್ನೂ ನೆಲದ ಮೇಲೇ ಬಿದ್ದಿದೆ, ದೀಪ ಇನ್ನೂ ಹಳದಿಯೇ ಇದೆ. ಇವತ್ತು ಬೆಳಿಗ್ಗೆ ಹಾಜರಿ ಯಂತ್ರ ನನ್ನ ತೋರುಬೆರಳನ್ನೂ ಒಪ್ಪಲಿಲ್ಲ.