ಬೇಕಂತಲೇ ಎಳೆದ ಗೀರು

"ಮೊದಲು ಆ ಕೈ ತೆಗೀರಿ."

ತೆರೆದ ಬಾಗಿಲಲ್ಲೇ ನಿಂತು ಅವಳು ಹೇಳಿದ ರಭಸಕ್ಕೆ, ಅವನ ಕೈಯಲ್ಲಿದ್ದ ಸ್ಟೀಲ್ ನಾರು ಸಿಂಕಿಗೆ ಬಿತ್ತು.

"ನೀವು...?"

"ಗೀರು ತೆಗೆಯೋಕೆ ಬಂದವಳು. ಇನ್ನೂ ಸ್ವಲ್ಪ ಉಜ್ಜಿದ್ದಿದ್ರೆ ನಿಮಗೆ ಕಟ್ಟೆ ಇರ್ತಿರಲಿಲ್ಲ, ನನಗೆ ಕೆಲಸ ಇರ್ತಿರಲಿಲ್ಲ."

ಅವನು ನಾಚಿಕೊಂಡು ಸರಿದ. ಹೊಳಪಿಲ್ಲದ, ಬೂದು ಬಣ್ಣದ ಅಡುಗೆ ಕಟ್ಟೆ. ಅದರ ತುಂಬ ಗೆರೆಗಳು.

"ಕನ್ನಡಕದಂಗಡಿ ನನ್ನದು. ಗಾಜನ್ನ ಅಂಗಿ ತುದಿಯಲ್ಲಿ ಒರೆಸಬೇಡಿ ಅಂತ ದಿನವಿಡೀ ಜನಕ್ಕೆ ಬಯ್ತೀನಿ. ಮನೆಗೆ ಬಂದು ಪಾತ್ರೆ ದರದರ ಎಳೀತೀನಿ."

ಅವಳಿಗೆ ನಗು ಬಂತು. ಬೇರೆಯವರ ಅಡುಗೆಮನೆಯಲ್ಲಿ ನಕ್ಕು ಎಷ್ಟು ಕಾಲವಾಗಿತ್ತೋ...

ಸೋಪು ನೀರಿನ ಮೆತ್ತನೆ ಬಟ್ಟೆಯಲ್ಲಿ ಒರೆಸಿದಾಗಲೇ ಅರ್ಧ ಗೆರೆಗಳು ಮಾಯವಾದವು.

"ಇವು ಗೀರಲ್ಲ. ಪಾತ್ರೆಯ ತಳದ ಲೋಹ ಮೆತ್ತಿಕೊಂಡಿದ್ದು," ಎಂದಳು. ಉಳಿದವಕ್ಕೆ ನುಣುಪಾದ ಉಜ್ಜುಕಾಗದ ಹಿಡಿದು, ಹಗುರ ಕೈಯಲ್ಲಿ ಸುತ್ತು ಸುತ್ತಾಗಿ ತಿಕ್ಕಿದಳು. ಕಲ್ಲಿನದಲ್ಲ, ಅಚ್ಚಿಗೆ ಹೊಯ್ದ ಕಟ್ಟೆ, ಒಳಗೂ ಅದೇ ಬಣ್ಣ. ಗೀರಿದ್ದ ಜಾಗವನ್ನಷ್ಟೇ ತಿಕ್ಕಿದರೆ ಅಲ್ಲಿ ಮಾತ್ರ ಹೊಳಪು ಬಂದು ಎದ್ದು ಕಾಣುತ್ತದೆ. ಹಾಗಾಗಿ ಕಟ್ಟೆ ಪೂರ್ತಿ ತಿಕ್ಕಿದಳು.

"ಇನ್ಮೇಲೆ ಪಾತ್ರೆ ಎತ್ತಿಡಿ, ಎಳೀಬೇಡಿ. ತರಕಾರಿಗೆ ಮಣೆ ಇಟ್ಕೊಳ್ಳಿ. ಮಿಕ್ಸಿ ಕೆಳಗೆ ಬಟ್ಟೆ ಹಾಸಿ."

ಕೆಲಸ ಮುಗಿದ ಮೇಲೆ ಅವನು ಚಹಾ ಮಾಡಿ, ಕುರ್ಚಿ ಎಳೆದುಕೊಟ್ಟು, ಎದುರು ತಾನೂ ಕೂತ. ಬೇರೆ ಮನೆಗಳಲ್ಲಿ ಅವಳಿಗೆ ಚಹಾ ಸಿಗುತ್ತಿದ್ದುದು ನಿಂತಲ್ಲೇ, ಒಳಗಿನವರ ಮಾತು ನಗು ಗೋಡೆಯಾಚೆ ಕೇಳುತ್ತಿರುವಾಗ.

ಅವತ್ತು ತನ್ನ ಕೋಣೆಗೆ ಮರಳಿದಾಗ ಅಲ್ಲಿನ ಮೌನ ಎಂದಿಗಿಂತ ಭಾರವಾಗಿತ್ತು. ಗಂಡ ಬಿಟ್ಟುಹೋದ ಮೇಲೆ ಅಭ್ಯಾಸವಾಗಿದ್ದ ಮೌನ. ಸುಮ್ಮನೆ ರೇಡಿಯೋ ಹಚ್ಚಿದಳು. ಯಾರೋ ಏನೋ ಹೇಳುತ್ತಿದ್ದರು... ಅವಳಿಗಲ್ಲ.

ಮುಂದಿನ ತಿಂಗಳು ಅದೇ ಮನೆಯಿಂದ ಕರೆ ಬಂದಾಗ ಅವಳು ಕನ್ನಡಿ ಮುಂದೆ ಎರಡು ಸಲ ತಲೆ ಬಾಚಿಕೊಂಡಳು.

ಹೊಸ ಗೀರು ಸಿಂಕಿನ ಪಕ್ಕದಲ್ಲಿತ್ತು. ಒಂದೇ ಗೆರೆ, ಆಳ, ನೇರ. ಬೆರಳಾಡಿಸಿದವಳ ಮುಖ ಬಿಗಿಯಾಯಿತು.

"ಇದು ತಾನಾಗಿ ಆದದ್ದಲ್ಲ. ಬೇಕಂತಲೇ ಎಳೆದಿದ್ದು."

ಅವನು ತಲೆ ತಗ್ಗಿಸಿದ. ಅಷ್ಟರಲ್ಲಿ ಅವನ ಫೋನ್ ರಿಂಗಾಯಿತು. "ಹೂಂ ಅಕ್ಕ, ಕರೆಸಿದೀನಿ..." ಅತ್ತ ಕಡೆಯ ನಗು ಅವಳಿಗೂ ಕೇಳಿಸಿತು.

ಅಕ್ಕ ತಮ್ಮ ಸೇರಿ ನನ್ನನ್ನು ನೋಡಿ ನಗ್ತಿದ್ದಾರಾ? ಒಂಟಿ ಹೆಂಗಸು, ಕರೆದರೆ ಬರ್ತಾಳೆ ಅಂತಲಾ?

"ನನ್ನ ಕೆಲಸ ನಿಮಗೆ ಆಟ ಆಗಿರಬಹುದು. ನನಗೆ ಹೊಟ್ಟೆಪಾಡು," ಎಂದವಳು ಚೀಲ ಎತ್ತಿಕೊಂಡು ಹೊರಟೇಬಿಟ್ಟಳು. ಮೆಟ್ಟಿಲಿಳಿಯುವಾಗ ಕಣ್ಣು ಮಂಜಾಯಿತು. ಆ ಮನೆಗೆ ಬೇರೆಯವರನ್ನು ಕಳಿಸಿ ಎಂದು ತಾನು ಕೆಲಸ ಮಾಡುವ ಕಾರ್ಯಾಗಾರದ ಮಾಲೀಕರಿಗೆ ಹೇಳಿದಳು. ಅವರು ಯಾಕೆಂದು ಕೇಳಲಿಲ್ಲ. ಕೇಳಿದ್ದರೆ ಅಳು ಬರುತ್ತಿತ್ತು.

ವಾರಗಳು ಕಳೆದವು. ಒಂದು ಮಧ್ಯಾಹ್ನ ಕಾರ್ಯಾಗಾರದಲ್ಲಿ ಹಲಗೆ ತಿಕ್ಕುತ್ತಿದ್ದಳು. ತಲೆ ಎತ್ತಿದರೆ, ಧೂಳಿನ ನಡುವೆ ಅವನು.

"ಬೇರೆಯವರು ಬಂದಿರಲಿಲ್ವಾ?"

"ಬಂದಿದ್ರು. ವಾಪಸ್ ಕಳಿಸಿದೆ." ಅವನು ಎರಡು ಹೆಜ್ಜೆ ಹತ್ತಿರ ಬಂದ. "ನಿಮ್ಮನ್ನ ಊಟಕ್ಕೆ ಕರಿ ಅಂತ ಅಕ್ಕ ಹೇಳಿದ್ದಷ್ಟೇ. ಗೀರು ಎಳೆದಿದ್ದು ನನ್ನ ಬುದ್ಧಿ, ಅವಳಿಗೆ ಗೊತ್ತೇ ಇರಲಿಲ್ಲ. ಊಟಕ್ಕೆ ಕರೆಯೋಕೆ ಧೈರ್ಯ ಬರಲಿಲ್ಲ... ಕಟ್ಟೆ ಹಾಳು ಮಾಡೋಕೆ ಬಂತು."

ಅವಳು ಹಲಗೆಯ ಮೇಲಿನ ಧೂಳು ಒರೆಸಿದಳು.

"ನೀವು ಹೋದ ಮೇಲೆ ಆ ಮನೇಲಿ ಒಬ್ಬನೇ ಕೂರೋಕೆ ಆಗ್ತಿಲ್ಲ. ಮೊದಲೂ ಒಬ್ಬನೇ ಇದ್ದೆ. ಅದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ನೀವಂದ್ರೆ ನನಗೆ ಇಷ್ಟ. ಬೇಡ ಅಂದ್ರೆ ಈಗಲೇ ಹೋಗ್ತೀನಿ."

ಉಜ್ಜುಕಾಗದ ಕೆಳಗಿಟ್ಟು, ಅವಳು ತನ್ನ ಒರಟಾದ ಅಂಗೈಗಳನ್ನು ನೋಡಿಕೊಂಡಳು.

"ಇಷ್ಟೊಂದು ಅಡುಗೆಮನೆ ಸರಿ ಮಾಡ್ತೀನಿ," ಎಂದಳು ಮೆಲ್ಲಗೆ. "ನನ್ನ ಮನೇಲಿ ಒಲೆ ಹಚ್ಚಲ್ಲ. ಒಬ್ಬಳಿಗೋಸ್ಕರ ಏನು ಮಾಡೋದು ಅನ್ಸುತ್ತೆ..."

"ಹಾಗಾದ್ರೆ ನಮ್ಮನೆಗೆ ಊಟಕ್ಕೆ ಬನ್ನಿ. ಇಬ್ಬರಿಗೆ ಅಡುಗೆ ಮಾಡೋ ರೂಢಿ ನನಗೂ ತಪ್ಪಿದೆ. ಉಪ್ಪು ಹೆಚ್ಚುಕಮ್ಮಿ ಆಗಬಹುದು."

"ಆಗಲಿ ಬಿಡಿ," ಎಂದು ಅವಳು ಕೈ ತೊಳೆಯಲು ಎದ್ದಳು. "ಕಮ್ಮಿಯಾದ್ರೆ ಕೇಳಿ ಹಾಕಿಸ್ಕೊಳ್ತೀನಿ."