ಆರು ಪಂದ್ಯಗಳ ಗೈರುಹಾಜರಿ

ಗೋಡೆಯ ಮೇಲೆ ಪಂದ್ಯ ನಡೆಯುತ್ತಿತ್ತು. ಮಾಬೂಬಿ ನದಾಫ್ ತನ್ನನ್ನೇ ತಾನು ನೋಡುತ್ತ ಕುಳಿತಿದ್ದಳು. ಗೋಡೆಯ ಮೇಲಿನ ಮಾಬೂಬಿ ಎದುರಾಳಿ ದಾಂಡುಗಾರ್ತಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ದಪ್ಪ ಕೈಗವಸನ್ನು ಮುಂದೆ ಹಿಡಿದಿದ್ದಳು. ಲೀಗಿನ ಲೆಕ್ಕತಜ್ಞೆ ಡಾ. ವತ್ಸಲಾ ಐತಾಳ ಒಂದು ಗುಂಡಿ ಒತ್ತಿದರು. ಗೋಡೆಯ ಮೇಲಿನವಳು ಅಳಿಸಿಹೋದಳು. ಆ ಜಾಗಕ್ಕೆ ಮುಖವಿಲ್ಲದ ಬೂದು ಆಕೃತಿಯೊಂದು ಬಂದು ಕೂತಿತು. ಪಂದ್ಯ ಏನೂ ಆಗದಂತೆ ಮುಂದುವರಿಯಿತು.

“ಅದು ‘ಬದಲಿ’,” ಎಂದರು ಐತಾಳ. “ಬೆಂಚಿನ ಮೇಲಿಂದ ಯಾರನ್ನು ಬೇಕಾದರೂ ಎಬ್ಬಿಸಿ ಕಳಿಸಿದರೆ ಎಷ್ಟು ಆಡಬಹುದೋ, ಅಷ್ಟು ಆಡುತ್ತದೆ.”

ಆ ಯಂತ್ರದ ಹೆಸರು ಅಭಾವಮಾಪಕ. ದಖ್ಖನ್ ಮಹಿಳಾ ಬೇಸ್‌ಬಾಲ್ ಲೀಗಿನಲ್ಲಿ ನಡುಋತುವಿನ ಪ್ರಶಸ್ತಿಗಳನ್ನು ಮೊದಲು ಪತ್ರಕರ್ತರ ಮತದಿಂದ ಕೊಡುತ್ತಿದ್ದರು. ಆಗ ಊರಿನವರು ಊರಿನವರಿಗೆ, ಪರಿಚಯದವರು ಪರಿಚಯದವರಿಗೆ ಮತ ಹಾಕುತ್ತಿದ್ದರು. ನಾಲ್ಕು ವರ್ಷಗಳಿಂದ ಆ ಕೆಲಸ ಯಂತ್ರದ್ದು. ಅದು ಒಬ್ಬೊಬ್ಬ ಆಟಗಾರ್ತಿಯನ್ನು ತೆಗೆದುಹಾಕಿ, ಬದಲಿಯನ್ನು ಕೂರಿಸಿ, ಅದೇ ಋತುವನ್ನು ಹತ್ತು ಸಾವಿರ ಸಲ ಆಡಿಸಿ ನೋಡುತ್ತಿತ್ತು. ಅವಳಿಲ್ಲದೆ ಎಷ್ಟು ಗೆಲುವು ಕಡಿಮೆಯಾಗುತ್ತದೋ ಅದೇ ಅವಳ ಅಭಾವಾಂಕ. ಒಂದೊಂದು ಸ್ಥಾನದಲ್ಲಿ ಅತಿ ಹೆಚ್ಚು ಅಂಕ ಪಡೆದವಳಿಗೆ ಪ್ರಶಸ್ತಿ.

ಪ್ರಶಸ್ತಿಯೆಂದರೆ ಬರೀ ಫಲಕವಲ್ಲ. ಗೆದ್ದವಳ ಜೀವಕೋಶದಿಂದ ಲೀಗಿನ ಪ್ರಯೋಗಾಲಯ ಹೊಸ ಕೀಲು ಬೆಳೆಸಿಕೊಡುತ್ತಿತ್ತು. ಉಳಿದವರು ಹೆಸರು ಬರೆಸಿ ಹನ್ನೆರಡು ವರ್ಷ ಕಾಯಬೇಕು. ಮಾಬೂಬಿಗೆ ಮೂವತ್ತನಾಲ್ಕು. ಗದಗ ತಂಡದಲ್ಲಿ ಚೆಂಡು ಹಿಡಿಯುವ ಹಿಡಿತಗಾರ್ತಿಯಾಗಿ ಒಂಬತ್ತು ವರ್ಷ ಕುಕ್ಕರಗಾಲಿನಲ್ಲಿ ಕೂತು ಅವಳ ಬಲಮಂಡಿ ಸವೆದುಹೋಗಿತ್ತು. ದಸರೆಯ ಹೊತ್ತಿಗೆ ಅದನ್ನು ಮಡಿಸಲಾಗುವುದಿಲ್ಲ ಎಂದು ವೈದ್ಯರು ಹೇಳಿದ್ದರು. ಹೋದ ರಮಜಾನಿನಿಂದ ಅವಳು ನಮಾಜನ್ನೂ ಕುರ್ಚಿಯ ಮೇಲೆ ಕೂತೇ ಮಾಡುತ್ತಿದ್ದಳು. ಆಟ ಬಿಟ್ಟರೆ ಅವಳಿಗೆ ಬೇರೇನೂ ಗೊತ್ತಿರಲಿಲ್ಲ.

“ನನ್ನ ಅಂಕಿ ಎಷ್ಟ ಬಂದೈತ್ರಿ ಮೇಡಂ?”

“ಗೊತ್ತಿಲ್ಲ ಅಂತ ಬರ್ತಾ ಇದೆ.”

“ಮಿಷಿನ್‌ಗೂ ಗೊತ್ತಿಲ್ಲಂದ್ರ ಹೆಂಗ್ರಿ?”

“ನೋಡಿ ಮಾಬೂಬಿ, ಒಂಬತ್ತು ವರ್ಷದಲ್ಲಿ ನೀವು ಒಂದೇ ಒಂದು ಪಂದ್ಯವನ್ನೂ ತಪ್ಪಿಸಿಲ್ಲ. ಅದೇ ತೊಂದರೆ. ನಿಮ್ಮ ಎಸೆತಗಾರ್ತಿಯರು ಚೆನ್ನಾಗಿ ಎಸೆಯೋದು ಅವರ ತೋಳಿನಿಂದಲೋ, ಯಾವ ಚೆಂಡು ಎಸೀಬೇಕು ಅಂತ ನೀವು ಮಾಡುವ ಸನ್ನೆಯಿಂದಲೋ, ಯಂತ್ರಕ್ಕೆ ಬಿಡಿಸೋಕೆ ಆಗ್ತಿಲ್ಲ. ನೀವಿಲ್ಲದ ತಂಡವನ್ನು ಅದು ನೋಡೇ ಇಲ್ಲ.”

“ಒಮ್ಮೆನೂ ಉಪ್ಪಿಲ್ಲದ ಸಾರು ಉಂಡಿಲ್ಲಂತ, ಉಪ್ಪಿನ ರುಚಿ ಗೊತ್ತಿಲ್ಲ ಅಂದಂಗಾತ್ ನೋಡ್ರಿ.”

ಐತಾಳರು ನಗಲಿಲ್ಲ. “ಹಾಗಾದರೆ ಉಪ್ಪಿಲ್ಲದ ಸಾರು ಮಾಡಿ ನೋಡೋಣ. ಎಣಿಕೆಗೆ ಆರು ಪಂದ್ಯ ಬೇಕು. ನಡುಋತುವಿಗೆ ಆರೇ ಉಳಿದಿವೆ. ನೀವು ಹೊರಗೆ ಕೂತುಕೊಳ್ಳಿ.”

“ಗೆರಿ ಹೊರಗ ಕುಂತಾಕಿನ್ನ ಮಿಷಿನ್ ಹೆಂಗ ಲೆಕ್ಕ ಹಿಡಿತೈತ್ರಿ?”

“ಇಲ್ಲವೇ ಇಲ್ಲ ಅಂತ.”

ಮಾಬೂಬಿ ಒಪ್ಪಿಕೊಂಡಳು. ತಾನು ಏನನ್ನು ಬೇಡಿಕೊಳ್ಳಬೇಕು ಎಂಬುದು ಅವಳಿಗೆ ಹೊಳೆದದ್ದು ಮನೆಗೆ ಹೋಗುವ ಬಸ್ಸಿನಲ್ಲಿ. ತನ್ನ ತಂಡ ಸೋಲಬೇಕಿತ್ತು.

ಅವಳ ಜಾಗಕ್ಕೆ ಬಂದವಳು ಸೋನಾಬಾಯಿ ಲಮಾಣಿ. ಹತ್ತೊಂಬತ್ತರ ಹುಡುಗಿ. ಮೂರು ವರ್ಷದಿಂದ ಬೆಂಚು ಬಿಟ್ಟು ಎದ್ದವಳಲ್ಲ. ಮೊದಲ ಪಂದ್ಯದಲ್ಲಿ ಚೆಂಡುಗಳು ಅವಳ ಕೈಗವಸಿಗೆ ತಾಗಿ ಸಿಡಿದುಹೋದವು. “ಏ ತಂಗೀ, ಕೈಯಾಗ ಗವಸ ಐತೋ ರೊಟ್ಟಿ ಐತೋ?” ಎಂದು ಜನ ಕೂಗಿದರು. ಗದಗ ಒಂದಕ್ಕೆ ಒಂಬತ್ತು ಓಟಗಳಿಂದ ಸೋತಿತು.

“ಆಪಾ,” ಎಂದಳು ಎಸೆತಗಾರ್ತಿ ನೀಲಗಂಗಾ ಬೆವರು ಒರೆಸಿಕೊಳ್ಳುತ್ತ, “ಮದುಮಗಳು ಕುಂತಂಗ ಕುಂತೀರಲ್ಲ. ಅಕ್ಕಿಕಾಳ ಹಾಕೂಣೇನ್?”

ತಂಡಕ್ಕೆಲ್ಲ ಆಪಾ, ಅಂದರೆ ಅಕ್ಕ, ಆಗಿದ್ದ ಮಾಬೂಬಿ ನಕ್ಕಳು. ಎದೆಯೊಳಗೆ ಹಗುರವಾಗಿತ್ತು. ಆ ಹಗುರಕ್ಕೆ ಅವಳಿಗೆ ನಾಚಿಕೆಯಾಯಿತು.

ಎರಡನೆಯದನ್ನೂ ಸೋತರು, ಮೂರನೆಯದನ್ನೂ. ಐತಾಳರು ಫೋನು ಮಾಡಿದರು. “ನಿಮ್ಮ ಅಭಾವಾಂಕ ಮೂರೂಮುಕ್ಕಾಲು. ಇಡೀ ಲೀಗಿನಲ್ಲಿ ನಿಮ್ಮದೇ ಮೇಲು. ಇನ್ನೊಂದೆರಡು ಸೋಲು ಸಾಕು, ಮಂಡಿ ನಿಮ್ಮದು.”

ನಾಲ್ಕನೆಯ ಪಂದ್ಯ ಬಳ್ಳಾರಿಯ ಮೇಲೆ. ಮಾಬೂಬಿ ಎರಡೂ ಕೈಗಳನ್ನು ಟವೆಲಿನ ಕೆಳಗೆ ಇಟ್ಟುಕೊಂಡು ಕುಳಿತಳು. ಕೈಗಳಿಗೆ ಅಭ್ಯಾಸ ಕೆಟ್ಟದು, ಅವು ತಾವಾಗಿಯೇ ಸನ್ನೆ ಮಾಡಲು ಹೊರಡುತ್ತಿದ್ದವು. ಮೂರನೇ ಸರದಿಯಲ್ಲಿ ನೀಲಗಂಗಾ ಎಸೆದ ವೇಗದ ಚೆಂಡು ನೆಲಕ್ಕೆ ಪುಟಿದು ಸೋನಾಬಾಯಿಯ ಕೊರಳಿಗೆ ಬಡಿಯಿತು. ಹುಡುಗಿ ಬಿದ್ದಳು, ಎದ್ದಳು. ಮುಖದ ಜಾಲರಿಯ ಹಿಂದೆ ಅವಳ ಕಣ್ಣು ತುಂಬಿದ್ದು ಬೆಂಚಿನವರೆಗೂ ಕಾಣುತ್ತಿತ್ತು. ಮುಂದಿನ ಚೆಂಡಿಗೆ ಅವಳು ಕಣ್ಣು ಮುಚ್ಚಿಕೊಳ್ಳುತ್ತಾಳೆ ಎಂದು ಮಾಬೂಬಿಗೆ ತಿಳಿದಿತ್ತು. ಕಣ್ಣು ಮುಚ್ಚಿದವಳಿಗೆ ಇನ್ನೊಂದು ಪೆಟ್ಟು ಕೊರಳಿಗಲ್ಲ, ಎಲ್ಲಿಗೆ ಬೇಕಾದರೂ ಬೀಳಬಹುದು.

ಸೋನಾಬಾಯಿ ಬೆಂಚಿನ ಕಡೆ ನೋಡಿದಳು.

ಯಾ ಅಲ್ಲಾ, ನನ್ನ ಕಡೆ ನೋಡಬ್ಯಾಡ, ಎಂದುಕೊಂಡಳು ಮಾಬೂಬಿ. ಮಂಡಿ ಒಳಗಿನಿಂದ ಕುಟುಕುತ್ತಿತ್ತು. ಅವಳು ಟವೆಲನ್ನು ಗಟ್ಟಿಯಾಗಿ ಹಿಡಿದಳು. ಆಮೇಲೆ ಬಲಗೈ ಹೊರಗೆ ಬಂದು ಕಿವಿಯ ಹಾಲೆಯನ್ನು ಎಳೆಯಿತು.

ಅದು ನಿಧಾನದ ಚೆಂಡು ಎಸೆಸು ಎಂಬ ಸನ್ನೆ. ಗದಗ ತಂಡದಲ್ಲಿ ಆ ಸನ್ನೆಗೆ ಇನ್ನೊಂದು ಬಳಕೆಯೂ ಇತ್ತು. ಯಾರಾದರೂ ಗಾಬರಿಯಾದಾಗ ಆಪಾ ಕಿವಿ ಎಳೆದುಕೊಳ್ಳುತ್ತಿದ್ದಳು: ನಿಧಾನ, ಏನೂ ಆಗಿಲ್ಲ.

ಸೋನಾಬಾಯಿ ಅದನ್ನೇ ನೀಲಗಂಗಾಳಿಗೆ ದಾಟಿಸಿದಳು, ಚೆಂಡು ತೇಲಿಕೊಂಡು ಬಂತು. ಬಳ್ಳಾರಿಯವಳು ಆತುರಪಟ್ಟು ಗಾಳಿಗೆ ದಾಂಡು ಬೀಸಿ ಔಟಾದಳು. ಆಮೇಲೆ ಮಾಬೂಬಿಯ ಕೈ ಟವೆಲಿನ ಕೆಳಗೆ ಹೋಗಲಿಲ್ಲ. ಆ ಪಂದ್ಯ ಗೆದ್ದರು, ಐದನೆಯದು, ಆರನೆಯದು. ಮೂರೂ ಪಂದ್ಯ ಸೇರಿ ಸೋನಾಬಾಯಿ ಬಿಟ್ಟುಕೊಟ್ಟದ್ದು ಎರಡೇ ಓಟ. ಪ್ರತಿ ಗೆಲುವಿನ ನಂತರ ಮಾಬೂಬಿ ಶೌಚಾಲಯದ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು, ಅತ್ತಳು.

ಫಲಿತಾಂಶದ ದಿನ ಐತಾಳರು ತಾವೇ ಗದಗಿಗೆ ಬಂದರು. ಬಟ್ಟೆ ಬದಲಿಸುವ ಕೋಣೆಯಲ್ಲಿ ಮಾಬೂಬಿ ಒಬ್ಬಳೇ ತನ್ನ ಗವಸಿಗೆ ಎಣ್ಣೆ ಸವರುತ್ತಿದ್ದಳು.

“ನೀವಿದ್ದಾಗ ತಂಡ ಗೆದ್ದದ್ದು ಅರ್ಧದಷ್ಟು ಪಂದ್ಯ,” ಎಂದರು ಐತಾಳ. “ನೀವಿಲ್ಲದಾಗಲೂ ಅರ್ಧ. ಅಭಾವಾಂಕ ಸೊನ್ನೆ. ಬದಲಿಗಿಂತ ಎಷ್ಟೋ ಚೆನ್ನಾಗಿ ಆಡಿದ ಹಿಡಿತಗಾರ್ತಿ ಅಂತ ಯಂತ್ರ ಪ್ರಶಸ್ತಿಗೆ ಸೋನಾಬಾಯಿಯನ್ನು ಆರಿಸಿದೆ. ಅವಳದ್ದು ಸರಿಯಾಗಿ ಆರು ಪಂದ್ಯ ಆಗಿದೆ.”

“ಆಕಿ ಮಂಡಿ ಚಲೋನ ಅದಾವಲ್ರೀ.”

“ಹೌದು. ಪಂದ್ಯದ ಚಿತ್ರಗಳನ್ನು ನಾನೂ ನೋಡಿದೆ. ನಿಮ್ಮ ಕೈಯನ್ನೂ ನೋಡಿದೆ. ಬೆಂಚನ್ನು ಲೆಕ್ಕಕ್ಕೆ ಸೇರಿಸಿ ಅಂತ ಲೀಗಿನ ಮಂಡಳಿಗೆ ಬರೆದೆ. ಮುಂದಿನ ವರ್ಷ ನೋಡೋಣ ಅಂದರು.”

ಮುಂದಿನ ವರ್ಷ. ಮಾಬೂಬಿ ಎಣ್ಣೆಯ ಡಬ್ಬಿಯ ಮುಚ್ಚಳ ಹಾಕಿ ಗವಸನ್ನು ಚೀಲಕ್ಕೆ ಸೇರಿಸಿದಳು.

ಬಾಗಿಲು ತಳ್ಳಿಕೊಂಡು ಸೋನಾಬಾಯಿ ಬಂದಳು. ಕೈಯಲ್ಲಿ ಲೀಗಿನವರು ಕೊಟ್ಟ ಪುಟ್ಟ ಗಾಜಿನ ಕೊಳವೆ, ಅದರೊಳಗೆ ಹತ್ತಿ ಸುತ್ತಿದ ಕಡ್ಡಿ. ಕೆನ್ನೆಯ ಒಳಭಾಗಕ್ಕೆ ಒರೆಸಿ ಕೊಡಬೇಕಿತ್ತು. ಅದರ ಜೀವಕೋಶದಿಂದಲೇ ಕೀಲು ಬೆಳೆಯುವುದು. ಅವಳು ಮಾಬೂಬಿಯ ಎದುರು ಕುಕ್ಕರಗಾಲಿನಲ್ಲಿ ಕೂತಳು.

“ಆಪಾ, ಬಾಯಿ ತಗಿ.”

“ಹುಚ್ಚಿ ಅದೀಯೇನ? ಇದು ಕಳ್ಳತನ. ನಿನ್ನನ್ನ ಲೀಗಿಂದನ ತಗದ ಒಗಿತಾರ.”

“ನಾ ಈಗ ಗೆರಿ ಹೊರಗ ಅದೀನಿ. ಮಿಷಿನ್ ಕಣ್ಣಿಗೆ ಬೀಳಂಗಿಲ್ಲ.”

ಮಾಬೂಬಿ ಹೆದರಿ ಐತಾಳರ ಕಡೆ ನೋಡಿದಳು. ಐತಾಳರು ಚೀಲದಿಂದ ಅಂಟುಚೀಟಿ ತೆಗೆದು ‘ಸೋನಾಬಾಯಿ ಲಮಾಣಿ, ಬಲಮಂಡಿ’ ಎಂದು ಬರೆದು, ಮಸಿ ಒಣಗಲೆಂದು ಊದುತ್ತ ಕಿಟಕಿಯ ಕಡೆ ತಿರುಗಿ ನಿಂತರು.

ಮಾಬೂಬಿಯ ತುಟಿಗಳು ಬಿಗಿದೇ ಇದ್ದವು.

ಸೋನಾಬಾಯಿ ಕಡ್ಡಿಯನ್ನು ಎಡಗೈಗೆ ತೆಗೆದುಕೊಂಡು, ಬಲಗೈಯಿಂದ ತನ್ನ ಕಿವಿಯ ಹಾಲೆಯನ್ನು ಮೆಲ್ಲಗೆ ಎಳೆದಳು.

ಮಾಬೂಬಿ ಬಾಯಿ ತೆರೆದಳು.