ಲಗ್ನಪತ್ರಿಕೆ ಬರೆಯುವ ಮನೀಷಾ

ಇನ್ನೂರ ಹನ್ನೊಂದನೆಯ ಪತ್ರಿಕೆಯ ಮೇಲೆ ಮನೀಷಾ ಕುಂಚದಿಂದ ಜೋಳದ ತೆನೆ ಬರೆಯುತ್ತಿದ್ದಾಗ ಆತ ಅಂಗಡಿಯ ಮೆಟ್ಟಿಲು ಹತ್ತಿ ಬಂದ. ಕೈಯಲ್ಲೊಂದು ಬಟ್ಟೆಯ ಚೀಲ. ಚೀಲದೊಳಗೆ ಗಾಜಿಗೆ ಗಾಜು ತಾಗುವ ಸದ್ದು.

ಆ ಸದ್ದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತಲೆಯೆತ್ತದೆಯೇ ಹೇಳಿದಳು:

“ಬಾಟ್ಲಿ ಹೊರಗ ಇಡ್ರಿ. ಇಲ್ಲಾಂದ್ರ ನೀವೂ ಹೊರಗ ಇರ್ರಿ.”

“ಮ್ಯಾಡಮ್, ಇದು...”

“ಏನರ ಇರಲಿ. ನನ್ನ ದುಕಾನದಾಗ ಬಾಟ್ಲಿ ಬರಂಗಿಲ್ಲ.”

ಆತ ಚೀಲವನ್ನು ಮೆಟ್ಟಿಲ ಮೇಲಿಟ್ಟು ಬಂದು, ಬಾಗಿಲಲ್ಲಿ ನಿಂತು ಬೆವರು ಒರೆಸಿಕೊಂಡ. ಮೂವತ್ತೆಂಟು, ನಲವತ್ತರ ವಯಸ್ಸು. ಇಸ್ತ್ರಿ ಮಾಡಿದ ಅಂಗಿ, ಕಿವಿಯ ಬಳಿ ನೆರೆ, ನಿದ್ದೆ ಸಾಲದ ಕಣ್ಣು.

“ಅಮೋಗಸಿದ್ಧ ಅಂತ ನನ್ನ ಹೆಸರು. ನಾಗಣಸೂರದಾವ. ಕಾಜಲ ಮ್ಯಾಡಮ್ ಕಳಿಸ್ಯಾರ್ರಿ, ಗಿಫ್ಟ್ ಬಾಕ್ಸಿನ ಸಲುವಾಗಿ.”

ಕಾಜಲ ಸೋಲಾಪುರದ ಟವೆಲ್ ಕಾರ್ಖಾನೆಯವರ ಮಗಳು. ಏಪ್ರಿಲ್ ಕೊನೆಗೆ ಅಕ್ಕಲಕೋಟದ ಆಚೆಯ ಫಾರ್ಮ್‌ಹೌಸ್‌ನಲ್ಲಿ ಅವಳ ಮದುವೆ. ಮುನ್ನೂರು ಪತ್ರಿಕೆ, ಎಲ್ಲವೂ ಕೈಯಿಂದಲೇ ಬಣ್ಣ ಹಚ್ಚಿದ್ದು, ಒಂದರಂತೆ ಇನ್ನೊಂದು ಇರಬಾರದು. ಅದು ಸಾಲದೆಂಬಂತೆ ಇನ್ನೊಂದು ಕೆಲಸ: ಮದುಮಕ್ಕಳ ಇಪ್ಪತ್ತೈದು ಗೆಳೆಯರಿಗೆ ಕಾಕ್‌ಟೇಲ್ ಎಂದರೆ ಪ್ರಾಣವಂತೆ, ಅವರಿಗೊಪ್ಪುವ ಉಡುಗೊರೆಯ ಪೆಟ್ಟಿಗೆ ಮಾಡಿಕೊಡಬೇಕು. ಮನೀಷಾ ಒಲ್ಲೆ ಎನ್ನಬಹುದಿತ್ತು. ಆದರೆ ಕಾಜಲ ಮೂರು ಸಲ ಫೋನ್ ಮಾಡಿ “ಪ್ಲೀಸ್ ತಾಈ” ಎಂದು, ಅಕ್ಕನನ್ನು ಬೇಡುವಂತೆ, ಮರಾಠಿಯಲ್ಲಿ ಗೋಗರೆದಿದ್ದಳು. ಒಲ್ಲೆ ಎನ್ನುವುದಕ್ಕೂ ಒಂದಿಷ್ಟು ತ್ರಾಣ ಬೇಕಾಗುತ್ತದೆ.

“ನಿಮಗೇನು ಗೊತ್ತು ಗಿಫ್ಟಿನ ಬಗ್ಗೆ?”

“ನಾ ಡ್ರಿಂಕ್ಸ್ ಕಲಸಾವ್ರಿ. ಬಾರ್‌ಟೆಂಡರ್. ಹನ್ನೆರಡು ವರ್ಷ ಪುಣೆದಾಗ ಇದ್ದೆ.”

ಆಗ ಮನೀಷಾ ಕುಂಚವನ್ನು ಕೆಳಗಿಟ್ಟು, ಮಂದೆಯೊಳಗೆ ಬಂದ ತೋಳವನ್ನು ನೋಡುವ ಹಾಗೆ ಅವನನ್ನು ನೋಡಿದಳು.

“ಬಾಟ್ಲಿಯೊಳಗ ಇರೂದು ದಾರು ಅಲ್ರಿ,” ಎಂದ ಅಮೋಗಸಿದ್ಧ. “ಹುಣಸಿಹಣ್ಣು, ಬೆಲ್ಲ, ಹಸಿ ಶುಂಠಿ. ಬೀರಪ್ಪನ ಆಣಿ. ಒಂದ್ ಚಮಚಾ ಇದ್ರ ಕೊಡ್ರಿ.”

ಹೊರಗೆ ನಲವತ್ತೊಂದು ಡಿಗ್ರಿ ಬಿಸಿಲು. ಬೆಳಗಿನಿಂದ ಅವಳ ಹೊಟ್ಟೆಗೆ ಬಿದ್ದದ್ದು ಎರಡು ಕಪ್ ಚಹಾ. ಅವನು ಮೆಟ್ಟಿಲ ಮೇಲೇ ಬಾಟಲಿ ತೆರೆದು ಚಮಚದಲ್ಲಿ ಕೊಟ್ಟದ್ದು ನಾಲಿಗೆಗೆ ಹುಳಿಯಾಗಿ ತಾಗಿ, ಸಿಹಿಯಾಗಿ ಇಳಿದು, ಗಂಟಲಲ್ಲಿ ಸಣ್ಣಗೆ ಉರಿಯಿತು.

“ಇನ್ನೊಂದ್ ಸ್ವಲ್ಪ ಹಾಕ್ರಿ,” ಎಂದಳು, ಚಮಚ ಮುಂದೆ ಹಿಡಿದು.

ಅವನು ನಕ್ಕ. ತುಟಿಯ ಒಂದು ಬದಿ ಮಾತ್ರ ನಕ್ಕಿತು. ಇನ್ನೊಂದು ಬದಿಗೆ ಅಷ್ಟು ಶಕ್ತಿ ಉಳಿದಿರಲಿಲ್ಲ. ಅದನ್ನು ಗಮನಿಸಿದ್ದಕ್ಕೆ ಮನೀಷಾಳಿಗೆ ತನ್ನ ಮೇಲೇ ಸಿಟ್ಟು ಬಂತು.

ಆಮೇಲೆ ದಿನಬಿಟ್ಟು ದಿನ ಬರತೊಡಗಿದ. ಅವಳು ಪತ್ರಿಕೆಗಳಿಗೆ ಬಣ್ಣ ತುಂಬುತ್ತಿದ್ದಳು: ದಾಳಿಂಬೆ ಹೂವಿನ ಕೆಂಪು, ಜೋಳದ ಎಲೆಯ ಹಸಿರು, ಸಿದ್ಧೇಶ್ವರ ಕೆರೆಯ ನೀಲಿ. ಅವನು ಕಿಟಕಿಯ ಬಳಿ ಕೂತು, ಪೆಟ್ಟಿಗೆಯಲ್ಲಿ ಏನಿರಬೇಕೆಂದು ಬರೆದು, ಹೊಡೆದುಹಾಕಿ, ಮತ್ತೆ ಬರೆಯುತ್ತಿದ್ದ.

“ಕಾಕ್‌ಟೇಲ್ ಮಂದಿಗೆ ಎಲ್ಲಾರೂ ಗ್ಲಾಸ್ ಕೊಡತಾರ. ಅವ್ರ ಮನ್ಯಾಗ ಗ್ಲಾಸ್ ಇಡಾಕ ಜಾಗಾ ಇರಂಗಿಲ್ಲ,” ಎನ್ನುತ್ತಿದ್ದ. “ನಾವು ರುಚಿ ಕೊಡೂಣು. ದಾಳಿಂಬ್ರಿ ಸಿರಪ್ ಒಂದು, ಹುಣಸಿದು ಒಂದು. ಮತ್ತ ಗ್ಲಾಸಿನ ಅಂಚಿಗೆ ಉಪ್ಪು ಹಚ್ಚತಾರಲ್ಲ, ಅದರ ಬದಲಿ ನಮ್ಮ ಶೇಂಗಾ ಚಟ್ನಿ.”

“ಶೇಂಗಾ ಚಟ್ನಿ? ರೊಟ್ಟಿ ಬಿಟ್ಟು ಗ್ಲಾಸಿಗೆ?”

“ಮುಂಬಯಿಯಾವ್ರು ಹುಚ್ಚಾಗತಾರ, ನೋಡ್ರಿ.”

ಅವಳು ನಕ್ಕುಬಿಟ್ಟಳು. ನಗುವಾಗ ಕುಂಚ ಅಲುಗಿ, ಒಂದು ನವಿಲಿಗೆ ಎರಡು ಕೊಕ್ಕು ಬಂದವು. ಆ ಪತ್ರಿಕೆಯನ್ನು ಅವನು ಕೇಳಿ ಇಸಿದುಕೊಂಡು ಹೋದ.

ಪೆಟ್ಟಿಗೆಯಲ್ಲಿಡಲು ಉದ್ದ ಹಿಡಿಯ ಹಿತ್ತಾಳೆ ಚಮಚ ಹುಡುಕುತ್ತಾ ಇಬ್ಬರೂ ಒಂದು ಮಧ್ಯಾಹ್ನ ಪೇಟೆಯೆಲ್ಲ ಅಲೆದರು. ಕಾಲು ಸೋತಾಗ ಒಂದು ರಸವಂತಿಯಲ್ಲಿ ಕೂತರು. ಕಬ್ಬಿನ ಗಾಣದ ಗೆಜ್ಜೆ ಝಲ್‌ಝಲ್ ಎನ್ನುತ್ತಿತ್ತು.

“ಒಂದ್ ಮಾತ ಕೇಳ್ಲಿ?” ಎಂದ ಅವನು. “ಪೆಟ್ಟಿಗ್ಯಾಗ ಇಡೂ ರೆಸಿಪಿ ಕಾರ್ಡಿನ ಮ್ಯಾಲ ನಿಂಬಿಹಣ್ಣಿನ ಚಿತ್ರ ತಗದೀರಿ, ಪುದೀನಾ ತಗದೀರಿ. ಒಂದರಾಗೂ ಗ್ಲಾಸ್ ಇಲ್ಲ.”

“ಗ್ಲಾಸ್ ತಗಿಯಾಕ ನನ್ನ ಕೈ ಏಳಂಗಿಲ್ಲ.”

ಅವನು ಯಾಕೆಂದು ಕೇಳಲಿಲ್ಲ. ಅದಕ್ಕೇ ಅವಳು ಹೇಳಿದಳು. ಗಂಡ ಲಕ್ಷ್ಮೀಕಾಂತ ಟೆಂಪೊ ನಡೆಸುತ್ತಿದ್ದ. ಒಳ್ಳೆಯವನೇ, ಹಾಡುತ್ತಿದ್ದ, ಅವಳ ಕೈಹಿಡಿದು ಬಣ್ಣದ ಅಂಗಡಿಗೆ ಕರೆದೊಯ್ಯುತ್ತಿದ್ದ. ಕುಡಿತ ಅವನನ್ನು ಇಪ್ಪತ್ತೊಂಬತ್ತಕ್ಕೇ ಮುಗಿಸಿತು. ಏಳು ವರ್ಷವಾಯಿತು. ಅಂದಿನಿಂದ ಕುಂಭಾರಿ ಊರಿನ ಮನೆಯಲ್ಲಿ ಅವಳು ಮತ್ತು ಅತ್ತೆ ಹಣಮವ್ವ, ಇಬ್ಬರೇ.

ಅಮೋಗಸಿದ್ಧ ರಸದ ಗ್ಲಾಸನ್ನು ಮೇಜಿನ ಮೇಲೆ ತಿರುಗಿಸುತ್ತಾ ಕೂತ.

“ನಿಮ್ಮ ಮುಂದ ಸುಳ್ಳ ಹೇಳಂಗಿಲ್ಲ,” ಎಂದ ಕೊನೆಗೆ. “ನಾ ಕುಡಿಯಂಗಿಲ್ಲ. ಆದ್ರ ಕುಡಿಸೀನಿ. ಪುಣೆದಾಗ ಒಬ್ಬಾವ ಗಾಡಿ ಚಾವಿ ನನ್ನ ಮುಂದ ಇಟ್ಟು ಕುಡದ. ಆಂವಗ ನಿಲ್ಲಾಕ ಬರ್ತಿದ್ದಿಲ್ಲ. ಇನ್ನೊಂದು ಹಾಕು ಅಂದ, ಹಾಕಿದೆ. ಮರುದಿನ ಪೇಪರದಾಗ ಅವನ ಫೋಟೋ ಇತ್ತು. ಹೋಟೆಲಿನಾಗ ಯಾರೂ ನನಗ ಏನೂ ಅನ್ನಲಿಲ್ಲ. ಅದ ನನಗ ತಡಿಯಾಕ ಆಗಲಿಲ್ಲ. ಬಿಟ್ಟು ಬಂದೆ.”

“ಬಂದು ಮತ್ತ ಅದ ಮಾಡಾಕತ್ತೀರಿ.”

“ಬ್ಯಾರೆ ಕೆಲಸ ಬರಂಗಿಲ್ಲ, ಮನೀಷಾ.”

ಮೊದಲ ಸಲ ಮ್ಯಾಡಮ್ ಎನ್ನಲಿಲ್ಲ. ಅದು ಇಬ್ಬರಿಗೂ ಗೊತ್ತಾಯಿತು. ಚಮಚ ಕೊಂಡು ತಿರುಗಿ ಬಂದರು.

ಮುಂದಿನ ಐದು ದಿನ ಅವನು ಬರಲಿಲ್ಲ. ದುಧನಿಯಲ್ಲಿ ಯಾವುದೋ ಕಾರ್ಯಕ್ರಮವಿದೆ ಎಂದು ಮೆಸೇಜ್ ಹಾಕಿದ್ದ. ಮನೀಷಾ ಬೆಳಗಿನಿಂದ ಸಂಜೆಯವರೆಗೆ ಪತ್ರಿಕೆ ಬರೆದಳು. ಬೆರಳು ಜೋಮು ಹಿಡಿದಾಗ ಬಿಸಿನೀರಲ್ಲಿ ಅದ್ದಿದಳು. ಮೆಟ್ಟಿಲ ಮೇಲೆ ಸಪ್ಪಳವಾದಾಗಲೆಲ್ಲ ಅವಳ ಕುಂಚ ನಿಂತುಬಿಡುತ್ತಿತ್ತು. ಬಂದವನು ಕೊರಿಯರಿನವನು, ಬಂದವಳು ಕೆಳಗಿನ ಟೇಲರ್ ಬಾಯಿ. ಯಾರದೋ ಮದುವೆಗೆ ಯಾರದೋ ಹೆಸರು ಬರೆಯುತ್ತಾ ಹತ್ತು ವರ್ಷ ಕಳೆದವಳಿಗೆ, ಈ ವಯಸ್ಸಿನಲ್ಲಿ ಇದೇನು ಸಪ್ಪಳ ಕಾಯುವ ಕೆಲಸ ಎಂದು ನಾಚಿಕೆಯಾಯಿತು.

ಕಾಜಲಳ ಮದುವೆಯ ಹಿಂದಿನ ದಿನ ಮಧ್ಯಾಹ್ನ ಅರಿಶಿನದ ಪಾರ್ಟಿ. ಪೆಟ್ಟಿಗೆಗಳನ್ನು ಒಯ್ದು ಜೋಡಿಸಬೇಕಿತ್ತು. ಕೈಗೆ ಆಸರೆಯಾಗಲೆಂದು ಹಣಮವ್ವನನ್ನೂ ಕರೆದುಕೊಂಡು ಹೋದಳು. ಅರವತ್ತೈದರ ಹಣಮವ್ವ ಹಸಿರು ಇಳಕಲ್ ಸೀರೆಯುಟ್ಟು, ಹೊಲದ ಬದುವಿನ ಮೇಲೆ ಕುರಿ ಕಾಯುವವಳಂತೆ, ಬೇವಿನ ನೆರಳಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದಳು.

ಹುಲ್ಲಿನ ಮೇಲೆ ಹಳದಿ ಪರದೆಗಳು. ಒಂದು ಬದಿಗೆ ಅಮೋಗಸಿದ್ಧನ ಕೌಂಟರ್. ಕರಿ ಏಪ್ರನ್ ಕಟ್ಟಿ ನಿಂತಿದ್ದ ಅವನು ಮನೀಷಾಳನ್ನು ಕಂಡದ್ದೇ ಶೇಕರ್ ಅಲುಗಿಸುವುದನ್ನು ಮರೆತ. ಎದುರಿನ ಹುಡುಗಿ “ಭಯ್ಯಾ?” ಎಂದಾಗ ಎಚ್ಚೆತ್ತು, ಬೇಕಾದದ್ದಕ್ಕಿಂತ ಎರಡುಪಟ್ಟು ಅಲುಗಿಸಿದ. ಮನೀಷಾ ಮುಖ ತಿರುಗಿಸಿ ಪೆಟ್ಟಿಗೆಯ ರಿಬ್ಬನ್ ಸರಿಮಾಡಿದಳು. ಸರಿಯಾಗಿಯೇ ಇದ್ದ ರಿಬ್ಬನ್ ಬಿಚ್ಚಿಹೋಯಿತು.

ಮೂರು ಗಂಟೆಯ ಹೊತ್ತಿಗೆ ಗದ್ದಲವೆದ್ದಿತು. ಮದುಮಗನ ಗೆಳೆಯನೊಬ್ಬ ತೂರಾಡುತ್ತಾ ಬಂದು, ಕಾರಿನ ಚಾವಿಯನ್ನು ಕೌಂಟರಿನ ಮೇಲಿಟ್ಟು ಇನ್ನೊಂದು ಕೇಳಿದ. ಅಮೋಗಸಿದ್ಧ ಚಾವಿಯನ್ನು ಎತ್ತಿ ಜೇಬಿಗೆ ಹಾಕಿಕೊಂಡ.

“ಸಾಕ್ರಿ, ಭಾವು. ನೀರು ಕೊಡ್ತೀನಿ.”

ಆತ ಕೂಗಾಡಿದ. ಅಂಗಿಯ ಕಾಲರಿಗೆ ಕೈಹಾಕಿದ. ಕಾಜಲಳ ಸೋದರಮಾವ ಓಡಿಬಂದು, “ಮನಿಗೆ ಬಂದ ಪಾಹುಣೇರ ಮರ್ಯಾದಿ ಕಳೀತಿಯೇನು? ಕೊಡು ಅಂದ್ರ ಕೊಡು!” ಎಂದು ಗದರಿದರು. ಅಮೋಗಸಿದ್ಧನ ಮುಖ ಬೂದಿಯಂತಾಗಿತ್ತು.

“ನನ್ನ ಕೆಲಸದಿಂದ ತಗೀರಿ, ಸಾಹೇಬ್ರ. ಆದ್ರ ಇವರಿಗೆ ನಾ ಹಾಕಂಗಿಲ್ಲ. ಚಾವೀನೂ ಕೊಡಂಗಿಲ್ಲ.”

ಅರಿಶಿನ ಮೆತ್ತಿದ ಕೈಯಲ್ಲೇ ಕಾಜಲ ಬಂದು ನಡುವೆ ನಿಂತಳು. “ಮಾಮಾ, ರಾಹೂ ದ್ಯಾ, ಬಿಡ್ರಿ,” ಎಂದು ಮಾವನನ್ನು ಸುಮ್ಮನಾಗಿಸಿ, ಗೆಳೆಯನನ್ನು ಒಳಗೆ ಮಲಗಿಸಲು ಕಳಿಸಿದಳು. ವಾದ್ಯ ಮತ್ತೆ ಶುರುವಾಯಿತು. ಹಣಮವ್ವ ಮಾತ್ರ ಕೂತಲ್ಲಿಂದ ಎದ್ದು, ನೇರ ಕೌಂಟರಿಗೆ ನಡೆದಳು.

“ತಮ್ಮಾ, ದಾರು ಇಲ್ಲದ್ದು ಏನರ ಅದ ಏನು?”

ಅವನು ಹುಣಸೆ ಪಾನಕ ಮಾಡಿಕೊಟ್ಟ. ಅವಳು ಪೂರ್ತಿ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ಕೇಳಿದಳು:

“ಯಾವೂರು?”

“ನಾಗಣಸೂರ, ಆಯಿ.”

“ಮೈಲಾರಲಿಂಗಗ ನಡಕೊಳ್ಳಾವ್ರೇನು?”

“ಮೈಲಾರಲಿಂಗಗೂ ನಡಕೋತೀವಿ. ಮನಿದೇವ್ರು ಬೀರಪ್ಪ.”

“ಹಂಗಾರ ನಮ್ಮಾವನ. ಯಾವ ಬೆಡಗು?”

ಮನೀಷಾಳ ಕಿವಿ ಬಿಸಿಯಾಯಿತು. ಕುರುಬರ ಹಿರಿಯರು ಬೆಡಗು, ಅಂದರೆ ವಂಶದ ಬಳಿ, ಕೇಳುವುದು ಸಂಬಂಧ ನೋಡುವಾಗ; ಒಂದೇ ಬೆಡಗಿನವರಲ್ಲಿ ಮದುವೆಯಾಗದು. ಅಮೋಗಸಿದ್ಧನಿಗೂ ಅದು ಗೊತ್ತು. ತನ್ನ ಬೆಡಗಿನ ಹೆಸರನ್ನು ಹೇಳುವಾಗ ಅವನ ದನಿ ಸಾಲೆಯ ಹುಡುಗನ ದನಿಯಂತೆ ತೊಡರಿತು.

“ಬ್ಯಾರೆ ಬೆಡಗು. ಛಲೋ ಆತು,” ಎಂದು ಹಣಮವ್ವ ಖಾಲಿ ಗ್ಲಾಸು ಇಟ್ಟು ಬಂದುಬಿಟ್ಟಳು.

ಸಂಜೆ ಸೀಟಿನ ಲೆಕ್ಕದಲ್ಲಿ ಬಾಡಿಗೆ ಓಡುವ ವಡಾಪ್ ಜೀಪಿನ ಹಿಂದಿನ ಸೀಟಿನಲ್ಲಿ ಅತ್ತೆ ಸೊಸೆ ಇಬ್ಬರೇ ಕೂತಿದ್ದಾಗ ಮನೀಷಾ ಸಿಟ್ಟಿನಿಂದ ಕೇಳಿದಳು:

“ಅತ್ತಿ, ಹಂಗ್ಯಾಕ ಕೇಳಿದ್ರಿ? ನಿಮ್ಮ ಮಗನ್ನ ತಿಂದದ್ದು ದಾರು. ಆಂವ ದಾರು ಹಾಕಾವ.”

ಹಣಮವ್ವ ಹೊರಗೆ ಹೊಲಗಳನ್ನು ನೋಡುತ್ತಿದ್ದಳು.

“ಇವತ್ತ ಆಂವ ಸಾಕು ಅಂದ. ಮಂದಿ ಕಾಲರ್ ಹಿಡದ್ರೂ ಸಾಕು ಅಂದ.”

“ನಾನೂ ಅಂದಿದ್ದೆ! ನೂರು ಸಲ ಅಂದಿದ್ದೆ!”

“ನೀ ಅಂದಿದ್ದಿ, ಯವ್ವಾ. ನಾ ಅನ್ನಲಿಲ್ಲ.” ಮುದುಕಿಯ ದನಿ ಬಿರಿಯಿತು. “ಒಬ್ಬನ ಮಗಾ, ಸಿಟ್ಟಾಗ್ಯಾನು ಅಂತ ಸುಮ್ಮನಿದ್ದೆ. ನೀ ಬಾಟ್ಲಿ ಒಡದ ದಿನ ನಾನ ಆಂವಗ ರೊಕ್ಕಾ ಕೊಟ್ಟು ಕಳಿಸಿದೆ. ಏಳು ವರ್ಷ ಆತು, ನಿನ್ನ ಮುಂದ ಹೇಳಾಕ ಬಾಯಿ ಬರಲಿಲ್ಲ.”

ಮನೀಷಾಳಿಗೆ ಸಿಟ್ಟು ಬರಬೇಕಿತ್ತು, ಬರುವಷ್ಟು ಶಕ್ತಿಯಿರಲಿಲ್ಲ. ಕುಂಭಾರಿ ಬಂದಾಗ ಮೊದಲು ತಾನಿಳಿದು, ಅತ್ತೆಗೆ ಕೈ ಕೊಟ್ಟಳು. ಮನೆಯವರೆಗೂ ಆ ಕೈ ಬಿಡಲಿಲ್ಲ.

ನಾಲ್ಕು ದಿನದ ಮೇಲೆ ಅಮೋಗಸಿದ್ಧ ಅಂಗಡಿಗೆ ಬಂದ. ಬರಿಗೈಯಲ್ಲಿ. ಸ್ಟೂಲಿನ ಮೇಲೆ ಕೂತು, ಎದ್ದು, ಮತ್ತೆ ಕೂತ.

“ಆಯಿ ಬೆಡಗು ಕೇಳಿದ್ರಲ್ಲ...”

“ಅವರಿಗೆ ವಯಸ್ಸಾಗ್ಯದ. ಮನಸಿಗೆ ಹಚ್ಕೋಬ್ಯಾಡ್ರಿ.”

“ಹಚ್ಕೊಂಡೀನಿ.”

ಮನೀಷಾ ಒಣಗಿದ ಬಣ್ಣದ ಬಟ್ಟಲಿಗೆ ನೀರು ಹಾಕುತ್ತಾ ಹೋದಳು. “ಕೇಳ್ರಿ. ನನಗ ಕಂಟಾಳ ಬಂದದ, ಸಾಕಾಗ್ಯದ. ಮಂದಿ ನಗಸೂದು, ಮಾತಾಡಸೂದು, ಹೊಸಾದು ಶುರು ಮಾಡೂದು ಯಾವುದೂ ನನ್ನ ಕೈಲಿ ಆಗಂಗಿಲ್ಲ.”

“ನನಗೂ ಕಂಟಾಳ ಬಂದದ, ಮನೀಷಾ. ಹೊಸಾದು ಏನೂ ಬ್ಯಾಡ. ದಣದಾಗ ನಿನ್ನ ಹಂತ್ಯಾಕ ಬಂದು ಕುಂಡ್ರಬೇಕು ಅನಸ್ತದ. ಅಷ್ಟ.”

ಯಾರೂ ಅವಳಿಗೆ ಇಷ್ಟು ಸಣ್ಣ ಮಾತು ಕೊಟ್ಟು ಇಷ್ಟು ದೊಡ್ಡದನ್ನು ಕೇಳಿರಲಿಲ್ಲ. ಕಣ್ಣಿಗೆ ನೀರು ಬಂತು. ಅದನ್ನು ಬಣ್ಣ ಹತ್ತಿದ ಕೈಯಿಂದಲೇ ಒರೆಸಿಕೊಂಡಳು.

“ನಮ್ಮಲ್ಲಿ ಗಂಡ ಸತ್ತಾಕಿ ಮತ್ತ ಗಂಡನ್ನ ಮಾಡ್ಕೊಂಡ್ರ ಅದಕ್ಕ ಉಡಿಕಿ ಅಂತಾರ,” ಎಂದಳು. “ಹಂದರ ಇಲ್ಲ, ವಾದ್ಯ ಇಲ್ಲ. ದೀಪ ಹಚ್ಚಿದ ಮ್ಯಾಲ ಹಿತ್ತಲದಾಗ ಸೀರಿ ಉಡಿಸಿ ಕಳಸತಾರ. ಪತ್ರಿಕಿ ಅಂತೂ ಹೊಡಸಂಗಿಲ್ಲ.”

“ಹಗಲೊತ್ತಿನ್ಯಾಗ ಆಗೂಣು. ಪತ್ರಿಕಿ ಹಂಚಿ ಆಗೂಣು.” ಅವನ ತುಟಿಯ ಎರಡೂ ಬದಿ ನಕ್ಕವು. “ಬರಿಯಾವ್ರು ಯಾರರ ಗೊತ್ತೇನು?”

ಪತ್ರಿಕೆ ಕನ್ನಡದಲ್ಲಿ ಇರಬೇಕೆಂದು ಹಣಮವ್ವ ಹಟ ಹಿಡಿದಳು. ಅವಳಿಗೆ ಓದಲು ಬಾರದು, ಆದರೂ ತನ್ನ ಮಾತಿನಲ್ಲೇ ಇರಬೇಕು. ಮನೀಷಾ ಕಲಿತದ್ದು ಮರಾಠಿ ಸಾಲೆಯಲ್ಲಿ. ನೂರಾರು ಮದುವೆಗಳನ್ನು ಮರಾಠಿ, ಇಂಗ್ಲಿಷಿನಲ್ಲಿ ಬರೆದವಳಿಗೆ ಕನ್ನಡದಲ್ಲಿ ತನ್ನ ಹೆಸರೂ ಬರೆಯಲು ಬರುತ್ತಿರಲಿಲ್ಲ. ನಾಗಣಸೂರದ ಕನ್ನಡ ಸಾಲೆಯಲ್ಲಿ ಓದಿದ ಅಮೋಗಸಿದ್ಧ ಪೆನ್ಸಿಲಿನಿಂದ ಅಕ್ಷರ ಬರೆಯುತ್ತಿದ್ದ. ಅವಳು ಅದರ ಮೇಲೆ ಕುಂಚ ಎಳೆಯುತ್ತಿದ್ದಳು.

“ಇದು ಏನು?”

“ನೀ.”

“ಇದು?”

“ಷಾ. ಸಾವಕಾಶ ಎಳಿ, ಹೊಟ್ಟಿ ದೊಡ್ಡದು ಮಾಡಬ್ಯಾಡ.”

ದಿನಕ್ಕೆ ಎರಡೇ ಪತ್ರಿಕೆ ಆಗುತ್ತಿದ್ದವು. ಅವಸರವಿರಲಿಲ್ಲ. ನಡುವೆ ಅವಳಿಗೆ ಜೋಂಪು ಹತ್ತಿದರೆ ಅವನು ಫ್ಯಾನನ್ನು ಅವಳ ಕಡೆ ತಿರುಗಿಸಿ, ಕುಂಚಗಳನ್ನು ತೊಳೆದಿಡುತ್ತಿದ್ದ. ‘ಆಮಂತ್ರಿಸುವವರು’ ಎಂಬಲ್ಲಿ ಯಾರ ಹೆಸರು ಎಂದು ಅವನು ಕೇಳಿದಾಗ ಮನೀಷಾ ಒಂದು ಗಳಿಗೆಯೂ ಯೋಚಿಸದೆ, “ಅತ್ತೀದು,” ಎಂದಳು.

ಜೂನ್ ಮೊದಲ ಸೋಮವಾರ ಬೆಳಗ್ಗೆ ಹಣಮವ್ವ ಇಳಕಲ್ ಸೀರೆಯುಟ್ಟು, ಇಪ್ಪತ್ತು ಪತ್ರಿಕೆಗಳನ್ನು ಉಡಿಯಲ್ಲಿ ಕಟ್ಟಿಕೊಂಡು, ಕುಂಭಾರಿಯ ಓಣಿಗೆ ಇಳಿದಳು. ಮನೀಷಾ ಬಾಗಿಲ ಮರೆಯಲ್ಲಿ ನಿಂತಳು. ಮೊದಲ ಮನೆ ಭಾವಕಿಯ, ಅಂದರೆ ಗಂಡನ ಕಡೆಯ ದಾಯಾದಿಗಳ, ಹಿರಿಯ ಗೊಲ್ಲಾಳಪ್ಪನದು. ಆತ ಪತ್ರಿಕೆಯನ್ನು ತಿರುವಿ ಮುರುವಿ ನೋಡಿದ.

“ಉಡಿಕಿಗೆ ಪತ್ರಿಕಿ ಏನು, ಹಣಮವ್ವಾ? ಎಲ್ಲೂ ಕೇಳಿಲ್ಲ.”

“ಉಡಿಕಿ ಅಲ್ಲೋ,” ಎಂದಳು ಹಣಮವ್ವ, ಓಣಿಗೆಲ್ಲ ಕೇಳುವ ಹಾಗೆ. “ನನ್ನ ಮಗಳ ಲಗ್ನ. ಹಗಲ ಹನ್ನೊಂದಕ್ಕ ಅದ. ಮನಿಮಂದಿ ಎಲ್ಲಾ ಕರಕೊಂಡು ಬಾ.”